ಈ ಪ್ರಾಣಿ ಯಾರ ಮರೆವನ್ನು ಹೊತ್ತಿದೆ? ಕಾದಂಬರಿಯಲ್ಲಿ ಪ್ರೀತಿ ಮತ್ತು ನೆನಪಿನ ಸಂಕೇತಗಳನ್ನು ಓದುವ ಒಂದು ಕ್ರಮ

"ನಾಯಿ ನಿಷ್ಠೆಯ ಸಂಕೇತ, ಹಸು ತಾಯ್ತನದ ಸಂಕೇತ, ಗಿಳಿ ವಿರಹದ ಸಂಕೇತ" ಎಂಬಂಥ ವಾಕ್ಯಗಳನ್ನು ನಮ್ಮಲ್ಲಿ ಬಹುತೇಕರು ಒಂದಲ್ಲ ಒಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದಿದ್ದೇವೆ. ಅದಕ್ಕೆ ಅಂಕಗಳನ್ನೂ ಪಡೆದಿದ್ದೇವೆ. ಈ ವಾಕ್ಯಗಳು ಸುಳ್ಳೇನೂ ಅಲ್ಲ. ಕಾದಂಬರಿಯ ಪುಟವನ್ನೇ ತೆರೆಯದವನೂ ಇವನ್ನು ಬರೆಯಬಲ್ಲ ಎಂಬುದಷ್ಟೇ ಇವುಗಳ ದೋಷ. ಲೇಖಕನು ನೂರಾರು ಪುಟಗಳುದ್ದಕ್ಕೂ ಒಂದು ಪ್ರಾಣಿಯನ್ನು ನಡೆಸಿಕೊಂಡು ಬಂದು, ಅದಕ್ಕೆ ಹಸಿವು, ಭಯ, ಹಟಗಳನ್ನೆಲ್ಲ ಕೊಟ್ಟು, ಕೊನೆಗೆ ಅದನ್ನು ಒಂದು ಗೊತ್ತಾದ ಜಾಗದಲ್ಲಿ ಬಿಟ್ಟುಹೋಗಿರುವಾಗ, ಅದಕ್ಕೆ ಗಾದೆಯ ಅರ್ಥವೊಂದನ್ನು ಅಂಟಿಸಿ ಮುಂದೆ ಸಾಗುವುದು ಓದು ಎನಿಸಿಕೊಳ್ಳುವುದಿಲ್ಲ.

ನಾನು ಅನುಸರಿಸುವ ಕ್ರಮವು ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಪ್ರಾಣಿ ಏನನ್ನು ಸೂಚಿಸುತ್ತದೆ ಎಂದು ಕೇಳುವ ಮೊದಲು, ಯಾರ ಮರೆವನ್ನು ಅದು ಹೊತ್ತಿದೆ ಎಂದು ಕೇಳಬೇಕು. ಪ್ರೀತಿಯಾಗಲಿ ನೆನಪಾಗಲಿ ಸಹಜವಾಗಿ ಇರಬೇಕಾದದ್ದು ಮನುಷ್ಯಪಾತ್ರದ ಮನಸ್ಸಿನಲ್ಲಿ. ಆ ಪಾತ್ರವು ಮರೆತಿದ್ದರೆ, ಅಥವಾ ನೆನಪಿದ್ದೂ ಹೇಳಿಕೊಳ್ಳಲಾಗದಿದ್ದರೆ, ಅಥವಾ ಹೇಳಿಕೊಳ್ಳುವುದಕ್ಕೆ ಆ ಸಮಾಜದಲ್ಲಿ ಮಾತೇ ಇಲ್ಲದಿದ್ದರೆ, ಆಗ ಕಾದಂಬರಿಕಾರನು ಅದನ್ನು ಇನ್ನೊಂದು ಜೀವದ ಮೈಮೇಲೆ ಹೇರುತ್ತಾನೆ. ಹೊರೆ ಯಾರದು ಎಂದು ತಿಳಿದರೆ ಸಂಕೇತ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಈ ಕ್ರಮವನ್ನು ತೋರಿಸಲು ಬಾಣಭಟ್ಟನ 'ಕಾದಂಬರಿ'ಗಿಂತ ಒಳ್ಳೆಯ ಕೃತಿ ನನಗೆ ಸಿಕ್ಕಿಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಈ ಸಾಹಿತ್ಯಪ್ರಕಾರಕ್ಕೆ ಹೆಸರು ಬಂದದ್ದೇ ಈ ಕೃತಿಯಿಂದ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣನು ಇದನ್ನು ಸಂಸ್ಕೃತ ಗದ್ಯದಲ್ಲಿ ಆರಂಭಿಸಿದನು; ಮುಗಿಸುವ ಮೊದಲೇ ಅವನು ತೀರಿಕೊಂಡದ್ದರಿಂದ ಅವನ ಮಗನು ಉತ್ತರಭಾಗವನ್ನು ಬರೆದು ಪೂರ್ಣಗೊಳಿಸಿದನು. ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮನು 'ಕರ್ಣಾಟಕ ಕಾದಂಬರಿ' ಎಂಬ ಚಂಪೂಕಾವ್ಯವಾಗಿ ಅದನ್ನು ಕನ್ನಡಕ್ಕೆ ತಂದನು. ಪ್ರೀತಿ ಮತ್ತು ನೆನಪು ಎಂಬೆರಡು ಎಳೆಗಳನ್ನು ಒಂದು ಗಿಳಿ ಮತ್ತು ಒಂದು ಕುದುರೆಯ ಮೂಲಕ ನೇಯ್ದ ಕಥೆ ಇದು.

ಕಥೆಯನ್ನು ಮೊದಲು ತಿಳಿದುಕೊಳ್ಳೋಣ

ವಿದಿಶೆಯ ಅರಸನಾದ ಶೂದ್ರಕನ ಸಭೆಗೆ ಚಂಡಾಲಕನ್ಯೆಯೊಬ್ಬಳು ಪಂಜರದಲ್ಲಿ ಗಿಳಿಯೊಂದನ್ನು ತರುತ್ತಾಳೆ. ಗಿಳಿಯ ಹೆಸರು ವೈಶಂಪಾಯನ. ಅದು ಬಲಗಾಲನ್ನೆತ್ತಿ ಅರಸನನ್ನು ಸ್ತುತಿಸುವ ಪದ್ಯವೊಂದನ್ನು ಹೇಳಿ, ಅರಸನು ಕೇಳಿದಾಗ ತನ್ನ ಕಥೆಯನ್ನು ಆರಂಭಿಸುತ್ತದೆ. ವಿಂಧ್ಯದ ಕಾಡಿನ ಬೂರುಗದ ಮರದಲ್ಲಿ ಹುಟ್ಟಿದ್ದು, ಬೇಡನ ಕೈಗೆ ತಂದೆ ಬಲಿಯಾದದ್ದು, ಹಾರೀತನೆಂಬ ಮುನಿಕುಮಾರ ತನ್ನನ್ನು ಎತ್ತಿಕೊಂಡು ಹೋದದ್ದು, ಅವನ ತಂದೆ ಜಾಬಾಲಿ ಮಹರ್ಷಿಯು ತನ್ನ ಹಿಂದಿನ ಜನ್ಮದ ವೃತ್ತಾಂತವನ್ನು ಹೇಳಿದ್ದು, ಹೀಗೆ ಕಥೆಯೊಳಗೆ ಕಥೆ ತೆರೆದುಕೊಳ್ಳುತ್ತದೆ.

ಆ ಒಳಗಿನ ಕಥೆಯಲ್ಲಿ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ, ಮಂತ್ರಿಯ ಮಗನೂ ಅವನ ಗೆಳೆಯನೂ ಆದ ವೈಶಂಪಾಯನ, ಮತ್ತು ಇಂದ್ರಾಯುಧ ಎಂಬ ಕುದುರೆ ಇದ್ದಾರೆ. ಕಿನ್ನರ ದಂಪತಿಗಳನ್ನು ಕುತೂಹಲದಿಂದ ಅಟ್ಟಿಸಿಕೊಂಡು ಹೋದ ಚಂದ್ರಾಪೀಡ ಅಚ್ಛೋದ ಸರೋವರವನ್ನು ಸೇರುತ್ತಾನೆ. ಅಲ್ಲಿ ವೀಣೆ ನುಡಿಸುತ್ತ ಹಾಡುತ್ತಿರುವ ತಪಸ್ವಿನಿ ಮಹಾಶ್ವೇತೆಯನ್ನು ಕಾಣುತ್ತಾನೆ. ಅವಳು ಪುಂಡರೀಕನೆಂಬ ಮುನಿಕುಮಾರನನ್ನು ಪ್ರೀತಿಸಿದ್ದಳು; ಅವನು ವಿರಹದಿಂದ ಸತ್ತಿದ್ದನು; ದಿವ್ಯಪುರುಷನೊಬ್ಬನು ಅವನ ಶರೀರವನ್ನು ಒಯ್ಯುತ್ತ, ಮತ್ತೆ ಕೂಡುವಿರೆಂದು ಭರವಸೆ ಕೊಟ್ಟಿದ್ದನು. ಅವಳ ಗೆಳತಿ ಕಾದಂಬರಿಗೂ ಚಂದ್ರಾಪೀಡನಿಗೂ ಅನುರಾಗ ಹುಟ್ಟುತ್ತದೆ. ಮುಂದೆ ಇದೇ ಸರೋವರಕ್ಕೆ ಬಂದ ವೈಶಂಪಾಯನನು ಕಾರಣ ತಿಳಿಯದ ಸೆಳೆತಕ್ಕೆ ಸಿಕ್ಕಿ, ಮಹಾಶ್ವೇತೆಯನ್ನು ಪ್ರೇಮಭಿಕ್ಷೆ ಬೇಡಿ, ಗಿಳಿಯಾಗೆಂದು ಶಾಪ ಪಡೆಯುತ್ತಾನೆ. ಅವನೇ ಹಿಂದಿನ ಪುಂಡರೀಕನೆಂಬುದು ಅವಳಿಗೂ ತಿಳಿಯದು, ಅವನಿಗೂ ತಿಳಿಯದು. ಕುದುರೆಯು ಪುಂಡರೀಕನ ಗೆಳೆಯ ಕಪಿಂಜಲ. ಅದೂ ಶಾಪದ ಫಲವೇ. ಗಿಳಿಯ ಕಥೆಯನ್ನು ಕೇಳುತ್ತ ಕುಳಿತ ಶೂದ್ರಕನು ಚಂದ್ರಾಪೀಡನ ಮರುಹುಟ್ಟು.

ಇಷ್ಟು ತಿಳಿದ ಮೇಲೆ ಕೃತಿಯ ಸ್ವಾರಸ್ಯ ಹೋಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸಂಕೇತಗಳ ಓದು ಆರಂಭವಾಗುವುದು ಗುಟ್ಟು ತಿಳಿದ ಮೇಲೆಯೇ.

ಮೊದಲ ಓದಿನಲ್ಲಿ ಗೆರೆ ಎಳೆಯಬೇಡಿ

ಯಾವುದೇ ಕಾದಂಬರಿಯನ್ನು ಮೊದಲ ಬಾರಿ ಓದುವಾಗ ಪೆನ್ಸಿಲನ್ನು ದೂರವಿಡುವುದು ಒಳ್ಳೆಯದು. ಸಂಕೇತವನ್ನು ಹುಡುಕುತ್ತ ಓದುವವನಿಗೆ ಕಾಗೆ, ಗುಬ್ಬಿ, ಹಲ್ಲಿಗಳೆಲ್ಲವೂ ಸಂಕೇತವಾಗಿಯೇ ಕಾಣುತ್ತವೆ. ಎರಡನೆಯ ಓದಿನಲ್ಲಿ ಒಂದು ನೋಟ್‌ಬುಕ್ಕನ್ನು ತೆಗೆದುಕೊಂಡು, ಒಂದೇ ಒಂದು ಪ್ರಾಣಿಯನ್ನು ಆಯ್ದುಕೊಂಡು, ಅದು ಬರುವ ಪ್ರತಿಯೊಂದು ಸಂದರ್ಭವನ್ನೂ ಬರೆದಿಟ್ಟುಕೊಳ್ಳಬೇಕು. ಪುಟದ ಸಂಖ್ಯೆ, ಪ್ರಾಣಿ ಮಾಡಿದ ಕೆಲಸ, ಅದನ್ನು ನೋಡುತ್ತಿದ್ದವರು ಯಾರು, ಅದಕ್ಕೆ ಸ್ವಲ್ಪ ಮೊದಲು ಯಾವ ಮಾತು ನಿಂತುಹೋಗಿತ್ತು, ಸ್ವಲ್ಪ ಅನಂತರ ಏನಾಯಿತು ಎಂಬ ಐದು ಸಂಗತಿಗಳು ಸಾಕು. ಕೊನೆಯ ಎರಡನ್ನು ಬಿಡಲೇಬಾರದು, ಏಕೆಂದರೆ ಪ್ರಾಣಿಯ ಅರ್ಥ ಹೆಚ್ಚಾಗಿ ಅದರ ಅಕ್ಕಪಕ್ಕದ ವಾಕ್ಯಗಳಲ್ಲಿ ಅಡಗಿರುತ್ತದೆ.

ಈ ಹಂತದಲ್ಲಿ ವ್ಯಾಖ್ಯಾನವನ್ನು ಬರೆಯಕೂಡದು. "ಕುದುರೆ ತಲೆ ಎತ್ತಿತು" ಎಂದಷ್ಟೇ ಬರೆಯಬೇಕು. "ಕುದುರೆ ವಿರಹವನ್ನು ಸೂಚಿಸಿತು" ಎಂದು ಬರೆದರೆ ಆ ಸಾಲು ಮುಂದೆ ಯಾವ ಉಪಯೋಗಕ್ಕೂ ಬರುವುದಿಲ್ಲ. ನನ್ನ ವಿದ್ಯಾರ್ಥಿ ದೆಸೆಯ ಒಂದು ನೋಟ್‌ಬುಕ್ಕಿನಲ್ಲಿ ಇಂಥ ಸಾಲುಗಳೇ ತುಂಬಿವೆ. ಇಂದು ತೆರೆದು ನೋಡಿದರೆ ಕಾದಂಬರಿಯಲ್ಲಿ ಏನು ನಡೆಯಿತೆಂಬುದೇ ಅದರಿಂದ ತಿಳಿಯುವುದಿಲ್ಲ.

ಬಾಯಿಂದ ಜಾರಿದ ಹುಲ್ಲು

ಈಗ ಕುದುರೆಯ ವಿಚಾರಕ್ಕೆ ಬರೋಣ. ವಿದ್ಯಾಭ್ಯಾಸ ಮುಗಿಸಿದ ಚಂದ್ರಾಪೀಡನನ್ನು ಅರಮನೆಗೆ ಕರೆತರಲು ತಂದೆ ತಾರಾಪೀಡನು ಕಳುಹಿಸುವ ಕುದುರೆಯೇ ಇಂದ್ರಾಯುಧ. ಅದು ಪಾರಸೀಕ ದೇಶದ ಅರಸನು ಕಳುಹಿಸಿದ ಕಾಣಿಕೆ, ಸಮುದ್ರದ ನೀರಿನಿಂದ ಎದ್ದು ಬಂದದ್ದು ಎಂದು ಹೇಳಲಾಗುತ್ತದೆ. ಬಾಣನು ಅದನ್ನು ಉದ್ದಾನುದ್ದ ವರ್ಣಿಸುತ್ತಾನೆ. ಅವನ ವರ್ಣನೆಗಳಿಗೆ ಹೆದರಿ ಪುಟ ಮಗುಚುವ ಓದುಗರೂ ಉಂಟು, ಅವರನ್ನು ನಾನು ದೂಷಿಸಲಾರೆ. ಆದರೆ ಆ ವರ್ಣನೆಯ ಕೊನೆಯಲ್ಲಿ ಒಂದು ವಿಚಿತ್ರ ನಡೆಯಿದೆ. ರಾಜಕುಮಾರನಿಗೆ ಇದು ಬರಿಯ ಕುದುರೆಯಲ್ಲ, ಶಾಪಗ್ರಸ್ತನಾದ ಯಾವನೋ ಮಹಾತ್ಮನಿರಬೇಕು ಎಂಬ ಶಂಕೆ ಹುಟ್ಟುತ್ತದೆ. ನೀನು ಯಾರೇ ಆಗಿರು, ನಿನ್ನ ಮೇಲೇರುವ ನನ್ನ ಅಪರಾಧವನ್ನು ಕ್ಷಮಿಸು ಎಂದು ಅವನು ಮನಸ್ಸಿನಲ್ಲಿಯೇ ನಮಸ್ಕರಿಸಿ ಏರುತ್ತಾನೆ. ಅರಸುಮಗನೊಬ್ಬನು ಕುದುರೆಯ ಕ್ಷಮೆ ಕೇಳುವುದು ಸಂದರ್ಭಕ್ಕೆ ಮೀರಿದ ವಿನಯ. ಈ 'ಮೀರಿದ' ಅಂಶವೇ ಓದುಗನಿಗೆ ಸಿಗುವ ಮೊದಲ ಸುಳಿವು. ಪ್ರಾಣಿಯೊಂದರ ಮೊದಲ ಪ್ರವೇಶದಲ್ಲಿ ಅಗತ್ಯಕ್ಕಿಂತ ಹೆಚ್ಚಾದ ಗೌರವ, ಭಯ ಅಥವಾ ಸಲಿಗೆ ಕಂಡರೆ ಅದನ್ನು ಗುರುತು ಹಾಕಿಕೊಳ್ಳಬೇಕು.

ಎರಡನೆಯ ಸುಳಿವು ಅಚ್ಛೋದ ಸರೋವರದ ದಡದಲ್ಲಿದೆ. ಚಂದ್ರಾಪೀಡನು ಕುದುರೆಗೆ ನೀರು ಕುಡಿಸಿ, ಮೇಯಲು ಹುಲ್ಲು ಹಾಕಿ, ತಾನು ಕ್ಷಣಕಾಲ ಒರಗಿಕೊಂಡಿದ್ದಾನೆ. ಅಷ್ಟರಲ್ಲಿ ಸರೋವರದ ಉತ್ತರದ ದಡದಿಂದ ವೀಣೆಯ ನಾದದೊಡನೆ ಬೆರೆತ ಹಾಡು ತೇಲಿಬರುತ್ತದೆ. ಆ ಹಾಡನ್ನು ಮೊದಲು ಕೇಳಿಸಿಕೊಳ್ಳುವುದು ಇಂದ್ರಾಯುಧ. ಮೇಯುತ್ತಿದ್ದ ಹುಲ್ಲನ್ನು ಬಾಯಿಂದ ಬಿಟ್ಟು, ಕಿವಿಗಳನ್ನು ನಿಶ್ಚಲವಾಗಿ ನಿಲ್ಲಿಸಿ, ಕೊರಳನ್ನು ಹೊರಳಿಸಿ ಅದು ಹಾಡು ಬಂದ ದಿಕ್ಕಿಗೆ ಮುಖಮಾಡುತ್ತದೆ. ರಾಜಕುಮಾರನಿಗೆ ಹಾಡು ಕೇಳಿಸುವುದು ಆಮೇಲೆ.

ಮೊದಲ ಓದಿನಲ್ಲಿ ಇದು ಸಹಜವಾದ ಪ್ರಾಣಿವರ್ಣನೆ. ಕುದುರೆಯ ಕಿವಿ ಮನುಷ್ಯನ ಕಿವಿಗಿಂತ ಚುರುಕು. ಹೊಸ ಸದ್ದು ಕೇಳಿದರೆ ಅದು ಮೇವು ಬಿಟ್ಟು ಕಿವಿ ನಿಮಿರಿಸುವುದನ್ನು ಯಾವ ಲಾಯದಲ್ಲಿ ಬೇಕಾದರೂ ನೋಡಬಹುದು. ಎರಡನೆಯ ಓದಿನಲ್ಲಿ ಅದೇ ವಾಕ್ಯ ಎದೆಗೆ ತಾಗುತ್ತದೆ. ಹಾಡುತ್ತಿರುವವಳು ಮಹಾಶ್ವೇತೆ. ಕೇಳುತ್ತಿರುವವನು ಕಪಿಂಜಲ, ಅಂದರೆ ಅವಳ ಪ್ರಿಯಕರನ ಸಾವನ್ನು ಕಣ್ಣಾರೆ ಕಂಡ ಗೆಳೆಯ. ಉತ್ತರಭಾಗದಲ್ಲಿ ಶಾಪ ಕಳೆದು ಮನುಷ್ಯರೂಪಕ್ಕೆ ಬಂದ ಮೇಲೆ ಅವನೇ ಹೇಳುತ್ತಾನೆ: ಕುದುರೆಯಾಗಿದ್ದರೂ ಹಿಂದಿನ ಅರಿವು ತನ್ನನ್ನು ಬಿಟ್ಟಿರಲಿಲ್ಲ, ಕಿನ್ನರರ ಬೆನ್ನಟ್ಟುವ ನೆಪದಲ್ಲಿ ಚಂದ್ರಾಪೀಡನನ್ನು ಆ ಸರೋವರಕ್ಕೆ ಬೇಕೆಂದೇ ತಂದವನು ತಾನೇ. ಜಾರಿದ ಹುಲ್ಲು ಒಂದು ಹಿಡಿಯಷ್ಟೇ ಇದ್ದೀತು. ಆದರೆ ಮಾತು ಕಳೆದುಕೊಂಡ ಸ್ನೇಹಿತನು ಆ ದಡದಲ್ಲಿ ಮಾಡಬಹುದಾಗಿದ್ದ ಏಕೈಕ ಉದ್ಗಾರ ಅದು.

ಪ್ರಾಣಿಸಂಕೇತದ ಗುಣಮಟ್ಟವನ್ನು ಅಳೆಯಲು ನಾನು ಬಳಸುವ ಒರೆಗಲ್ಲೂ ಇದೇ. ಪ್ರಾಣಿಯ ವರ್ತನೆಯು ಪ್ರಾಣಿಯ ವರ್ತನೆಯಾಗಿ ಪೂರ್ತಿ ನಂಬುವಂತಿರಬೇಕು. ಗುಟ್ಟು ತಿಳಿದ ಮೇಲೆ ಅದೇ ವರ್ತನೆ, ಒಂದಕ್ಷರವೂ ಬದಲಾಗದೆ, ಇನ್ನೊಂದು ಅರ್ಥಕ್ಕೆ ತಿರುಗಬೇಕು. ಕುದುರೆಯು ಕಣ್ಣೀರು ಸುರಿಸಿತೆಂದು ಬಾಣನು ಬರೆದಿದ್ದರೆ ಸಂಕೇತವು ಮೊದಲ ಓದಿನಲ್ಲಿಯೇ ಬಯಲಾಗಿ, ಎರಡನೆಯ ಓದಿಗೆ ಏನೂ ಉಳಿಯುತ್ತಿರಲಿಲ್ಲ.

ನೆನಪು, ಮಾತು, ಮೈ

ಟಿಪ್ಪಣಿಗಳು ಸಿದ್ಧವಾದ ಮೇಲೆ ಪಾತ್ರಗಳನ್ನೂ ಪ್ರಾಣಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೂರು ಪ್ರಶ್ನೆಗಳನ್ನು ಕೇಳಬೇಕು. ಯಾರಿಗೆ ನೆನಪಿದೆ? ಯಾರಿಗೆ ಮಾತಿದೆ? ಪ್ರೀತಿಯನ್ನು ನಡೆಸಬಲ್ಲ ಮೈ ಯಾರಿಗಿದೆ?

'ಕಾದಂಬರಿ'ಗೆ ಈ ಪ್ರಶ್ನೆಗಳನ್ನು ಹಾಕಿದಾಗ ಕೃತಿಯ ಒಳಗಿನ ಕಟ್ಟಡವೇ ಕಣ್ಣಿಗೆ ಬೀಳುತ್ತದೆ. ಕುದುರೆಗೆ ನೆನಪಿದೆ, ಮಾತಿಲ್ಲ. ಮನುಷ್ಯನಾದ ವೈಶಂಪಾಯನನಿಗೆ ಮಾತಿದೆ, ಮೈಯಿದೆ, ನೆನಪಿಲ್ಲ. ಆದ್ದರಿಂದಲೇ ಅವನು ಅಚ್ಛೋದದ ದಡದಲ್ಲಿ ಏನನ್ನೋ ಕಳೆದುಕೊಂಡವನಂತೆ ಬಳ್ಳಿಮಾಡಗಳನ್ನೂ ಮರಗಳ ಬುಡವನ್ನೂ ಸುತ್ತುತ್ತಾನೆ, ಮಹಾಶ್ವೇತೆಯ ಮುಂದೆ ನಿಂತಾಗ ಅವನ ಪ್ರೀತಿ ಅವಳಿಗೆ ಬರಿಯ ಧೂರ್ತತನವಾಗಿ ಕಾಣುತ್ತದೆ. ಗಿಳಿಗೆ ನೆನಪೂ ಇದೆ, ಮಾತೂ ಇದೆ, ಇಲ್ಲದಿರುವುದು ಮೈ. ಜಾಬಾಲಿಯ ಬಾಯಿಂದ ಕಥೆ ಕೇಳಿದೊಡನೆ ಹಿಂದಿನದೆಲ್ಲ ನೆನಪಾಗಿ ಅದು ಮಹಾಶ್ವೇತೆಯಿರುವೆಡೆಗೆ ಹೋಗಲು ತವಕಿಸುತ್ತದೆ, ಆದರೆ ಅದಕ್ಕಿನ್ನೂ ರೆಕ್ಕೆ ಬಲಿತಿಲ್ಲ. ಬಲಿತ ಮೇಲೆ ಹಾರಿದರೆ ದಾರಿಯಲ್ಲಿ ಬಲೆಗೆ ಬೀಳುತ್ತದೆ. ಶೂದ್ರಕನ ಸ್ಥಿತಿ ಇನ್ನೂ ವಿಚಿತ್ರ: ತನ್ನದೇ ಪ್ರೇಮಕಥೆಯನ್ನು ಪರರ ಕಥೆಯೆಂದು ತಿಳಿದು ಅವನು ಸಿಂಹಾಸನದಲ್ಲಿ ಕುಳಿತು ಕೇಳುತ್ತಿದ್ದಾನೆ.

ನೆನಪು, ಮಾತು, ಮೈ ಎಂಬ ಮೂರೂ ಒಂದೇ ಜೀವದಲ್ಲಿ ಕೂಡಿದಾಗಲಷ್ಟೇ ಪ್ರೀತಿ ಕೈಗೂಡುತ್ತದೆ ಎಂಬುದು ಈ ಕಥೆಯ ಹಂದರ. ಹಾಗಾಗಿ ಗಿಳಿ ವಿರಹದ ಸಂಕೇತ ಎನ್ನುವುದು ಇಲ್ಲಿ ಅರ್ಧ ಸತ್ಯ. ಈ ಗಿಳಿಯು ತಡವಾಗಿ ಬಂದ ನೆನಪು. ಪ್ರೀತಿಸಲು ಬೇಕಾದ ಶರೀರವನ್ನು ಕಳೆದುಕೊಂಡ ಮೇಲೆ ಮರಳಿದ ನೆನಪು. ಬೇರೆ ಯಾವ ಕಾದಂಬರಿಯ ಗಿಳಿಗೂ ಈ ವಾಕ್ಯ ಹೊಂದುವುದಿಲ್ಲ ಎಂಬುದರಿಂದಲೇ ಇದು ಬರೆಯಲು ಯೋಗ್ಯವಾದ ವಾಕ್ಯ.

ಗೂಡಿನ ಪ್ರೀತಿ, ಅಂತಃಪುರದ ಪ್ರೀತಿ

ಒಂದು ಕೃತಿಯಲ್ಲಿ ಒಂದೇ ಜಾತಿಯ ಪ್ರಾಣಿ ಬೇರೆ ಬೇರೆ ಜಾಗಗಳಲ್ಲಿ ಬಂದರೆ ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಮುಂದಿನ ಹೆಜ್ಜೆ. 'ಕಾದಂಬರಿ'ಯಲ್ಲಿ ಗಿಳಿಗಳು ಹಲವು ಇವೆ. ಬೂರುಗದ ಮರದ ಪೊಟರೆಯಲ್ಲಿ ಮುದಿ ತಂದೆಗಿಳಿಯು ತಾಯಿಯಿಲ್ಲದ ಮರಿಯನ್ನು ಸಾಕುತ್ತದೆ. ಹಾರಲಾರದಷ್ಟು ಮುಪ್ಪಾಗಿದ್ದರೂ ಉಳಿದ ಗಿಳಿಗಳು ಉದುರಿಸಿದ ಕಾಳುಹಣ್ಣುಗಳನ್ನು ಆಯ್ದು ತಂದು ತಿನ್ನಿಸುತ್ತದೆ. ಮುದಿ ಬೇಡನೊಬ್ಬನು ಮರವೇರಿ ಒಂದೊಂದೇ ಗಿಳಿಯನ್ನು ಹಿಡಿದು ಕೊಲ್ಲುತ್ತ ಬಂದಾಗ ಮರಿಯನ್ನು ರೆಕ್ಕೆಯಡಿ ಮುಚ್ಚಿಕೊಳ್ಳುವುದೊಂದೇ ಅದಕ್ಕೆ ತೋಚುವ ಉಪಾಯ. ಬೇಡನು ತಂದೆಯನ್ನು ಕೊಂದು ಕೆಳಕ್ಕೆಸೆಯುವಾಗ ರೆಕ್ಕೆಯಡಿ ಸಿಕ್ಕಿದ್ದ ಮರಿಯೂ ಜೊತೆಗೇ ಬೀಳುತ್ತದೆ. ಒಣಗಿದ ಎಲೆಗಳ ರಾಶಿಯ ಮೇಲೆ ಬಿದ್ದದ್ದರಿಂದ ಬದುಕುತ್ತದೆ. ಆಮೇಲೆ ನಡೆಯುವುದು ಕಠೋರವಾದ ಸಂಗತಿ. ತಂದೆಗಾಗಿ ಅಳುವ ಮೊದಲು ಮರಿಗೆ ಬಾಯಾರಿಕೆಯಾಗುತ್ತದೆ. ಅದು ಬೀಳುತ್ತ ಏಳುತ್ತ ನೀರಿನ ಕಡೆಗೆ ತೆವಳುತ್ತದೆ, ಮತ್ತು ಇಷ್ಟಾದರೂ ಜೀವದಾಸೆ ಬಿಡದ ತನ್ನ ಕೃತಘ್ನತೆಯನ್ನು ತಾನೇ ನಿಂದಿಸಿಕೊಳ್ಳುತ್ತದೆ.

ಇನ್ನೊಂದು ತುದಿಯಲ್ಲಿ, ಕಾದಂಬರಿಯ ಅಂತಃಪುರದಲ್ಲಿ, ಪರಿಹಾಸನೆಂಬ ಗಿಳಿಗೂ ಕಾಲಿಂದಿಯೆಂಬ ಸಾರಿಕೆಗೂ (ಮೈನಾ ಹಕ್ಕಿಗೂ) ಮದುವೆಯಾಗಿದೆ. ಪರಿಹಾಸನು ತಮಾಲಿಕೆಯೆಂಬ ದಾಸಿಯೊಡನೆ ಏಕಾಂತದಲ್ಲಿ ಮಾತಾಡಿದನೆಂದು ಕಾಲಿಂದಿಗೆ ಮುನಿಸು. ಅರಮನೆಯ ಹೆಂಗಳೆಯರಿಗೆ ಇದು ನಗೆಯ ವಿಷಯ. ಅದೇ ಜಾತಿಯ ಹಕ್ಕಿ ಕಾಡಿನಲ್ಲಿ ಪ್ರಾಣ ಕೊಟ್ಟು ಪ್ರೀತಿಸುತ್ತದೆ, ಪಂಜರದಲ್ಲಿ ಪ್ರಣಯದ ಆಟವಾಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವರಿಗೆ ಈ ಅಂತರ ತಿಳಿಯುವುದಿಲ್ಲ. ಮೂರನೆಯ ಗಿಳಿಯಾದ ವೈಶಂಪಾಯನನು ಈ ಎರಡು ಲೋಕಗಳನ್ನೂ ದಾಟಿ ಬಂದವನೆಂಬ ತೂಕವೂ ತಿಳಿಯುವುದಿಲ್ಲ.

ಓದುಗನು ಮನೆಯಿಂದ ತರುವ ಬುತ್ತಿ

ಕಾದಂಬರಿಯನ್ನು ತೆರೆಯುವ ಮೊದಲೇ ನಮ್ಮ ಮನಸ್ಸಿನಲ್ಲಿ ಪ್ರಾಣಿಗಳ ಬಗ್ಗೆ ಕೆಲವು ಅರ್ಥಗಳು ಕುಳಿತಿರುತ್ತವೆ. ಗೋವಿನ ಹಾಡನ್ನು ಕೇಳಿ ಬೆಳೆದವರಿಗೆ ಹಸುವೆಂದರೆ ಪುಣ್ಯಕೋಟಿ. ಹಂಸವೆಂದರೆ ನಳದಮಯಂತಿಯರ ದೂತ. "ಚಿಲಿಮಿಲಿ ಎಂದು ಓದುವ ಗಿಳಿಗಳಿರಾ, ನೀವು ಕಾಣಿರೆ" ಎಂದು ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲುಗಳನ್ನೆಲ್ಲ ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುತ್ತ ಅಲೆದ ಅಕ್ಕಮಹಾದೇವಿಯ ವಚನವಂತೂ ನಾಲಗೆಯ ತುದಿಯಲ್ಲಿಯೇ ಇದೆ. ಈ ಬುತ್ತಿಯನ್ನು ಬಿಸಾಡಬೇಕಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು, ಕಾದಂಬರಿಯ ಪ್ರಾಣಿ ಅದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ತಿರುಗಿ ಬೀಳುತ್ತದೆ ಎಂದು ಹೋಲಿಸಬೇಕು. ತಿರುಗಿ ಬೀಳುವ ಜಾಗದಲ್ಲಿಯೇ ಲೇಖಕನ ಸ್ವಂತ ಮಾತಿರುತ್ತದೆ.

ಹುಲಿಯ

ಇದೇ ಕ್ರಮವು ಆಧುನಿಕ ಕಾದಂಬರಿಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಲು 1967ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ತೆಗೆದುಕೊಳ್ಳುತ್ತೇನೆ. ಇಲ್ಲಿ ಶಾಪವಿಲ್ಲ, ಪುನರ್ಜನ್ಮದ ಗುಟ್ಟಿಲ್ಲ. ಮಲೆನಾಡಿನ ಕಾಡುದಾರಿಯಲ್ಲಿ ಗುತ್ತಿಯ ಜೊತೆ ನಡೆಯುವ ಹುಲಿಯ ಎಂಬ ನಾಯಿ ಇದೆ. ಗುತ್ತಿ ಬೆಟ್ಟಳ್ಳಿಯ ತಿಮ್ಮಿಯನ್ನು ತನ್ನವಳನ್ನಾಗಿ ಮಾಡಿಕೊಳ್ಳಲು ಹೊರಟವನು. ಆ ಅಲೆದಾಟದುದ್ದಕ್ಕೂ ನಾಯಿ ಅವನ ಬೆನ್ನಿಗಿದೆ. ಕೊನೆಯಲ್ಲಿ ಮಳೆಗೆ ತುಂಬಿ ಹರಿಯುವ ತುಂಗೆಯನ್ನು ಗುತ್ತಿಯೂ ತಿಮ್ಮಿಯೂ ದಾಟುತ್ತಾರೆ. ಹುಲಿಯನನ್ನು ಹೊಳೆ ಸೆಳೆದುಕೊಂಡು ಹೋಗುತ್ತದೆ.

ನಿಷ್ಠೆಯ ಸಂಕೇತ ಎಂಬ ಸಿದ್ಧ ಉತ್ತರ ಇಲ್ಲಿಯೂ ಕಾದು ಕುಳಿತಿದೆ. ಅದನ್ನು ಬದಿಗಿಟ್ಟು ಹೆಸರನ್ನು ನೋಡಬೇಕು. ಪ್ರಾಣಿಗೆ ಯಾರು ಯಾವ ಹೆಸರಿಟ್ಟರು, ಪ್ರಾಣಿಯಿಂದ ಯಾರಿಗೆ ಹೆಸರು ಬಂತು ಎಂಬುದನ್ನು ಬರೆದುಕೊಳ್ಳುವುದು ನನ್ನ ಕ್ರಮದಲ್ಲಿ ತಪ್ಪಿಸಬಾರದ ಹೆಜ್ಜೆ. ಸಾಮಾನ್ಯವಾಗಿ ನಾಯಿಗೆ ಒಡೆಯನು ಹೆಸರಿಡುತ್ತಾನೆ. ಇಲ್ಲಿ ನಾಯಿಯೇ ಒಡೆಯನಿಗೆ ಹೆಸರು ಕೊಟ್ಟಿದೆ: ಸದಾ ನಾಯಿಯೊಡನೆ ತಿರುಗುವುದರಿಂದ ಊರವರ ಬಾಯಲ್ಲಿ ಅವನು ನಾಯಿಗುತ್ತಿ. ಈಗ ಮೂರು ಪ್ರಶ್ನೆಗಳನ್ನು ಕೇಳಿದರೆ, ತಿಮ್ಮಿಯ ಮೇಲಿನ ಪ್ರೀತಿಯನ್ನು ಹೇಳಲು ಗುತ್ತಿಗೆ ಮಾತಿದೆ, ಅದಕ್ಕೆ ಮದುವೆಯೆಂಬ ಹೆಸರೂ ಇದೆ. ನಾಯಿಯ ಮೇಲಿನ ಪ್ರೀತಿಗೆ ಅಂಥ ಹೆಸರೊಂದು ಆ ಲೋಕದಲ್ಲಿಲ್ಲ. ಅದು ಅವನ ಅಡ್ಡಹೆಸರಿನಲ್ಲಿ ಮಾತ್ರ ಸೇರಿಕೊಂಡಿದೆ. ನಾಯಿ ಹೊಳೆಯ ಪಾಲಾದ ಮೇಲೆಯೂ ಜನ ಅವನನ್ನು ನಾಯಿಗುತ್ತಿಯೆಂದೇ ಕರೆಯುವರೆಂದು ಊಹಿಸಿದರೆ, ಪ್ರತಿಯೊಂದು ಕರೆಯಲ್ಲಿಯೂ ಹುಲಿಯನ ನೆನಪು ಅವರಿಗೇ ತಿಳಿಯದಂತೆ ಉಳಿಯುತ್ತದೆ. ಬಾಣನ ಗಿಳಿ ನೆನಪನ್ನು ಬಾಯಲ್ಲಿ ಹೊತ್ತಿತ್ತು. ಇಲ್ಲಿ ನಾಯಿಯ ನೆನಪನ್ನು ಮನುಷ್ಯನು ಹೆಸರಿನಲ್ಲಿ ಹೊತ್ತಿದ್ದಾನೆ. ಹೊರೆ ಹೊರುವವರು ಅದಲುಬದಲಾಗಿದ್ದಾರೆ.

ಕಾದಂಬರಿಯ ಆರಂಭದಲ್ಲಿ "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ" ಎಂದು ಕುವೆಂಪು ಬರೆದಿರುವುದನ್ನು ಬಹಳ ಮಂದಿ ಉದ್ಧರಿಸುತ್ತಾರೆ. ಆ ಮಾತು ನಿಜವಾಗಿಯೂ ಪರೀಕ್ಷೆಗೆ ಒಳಗಾಗುವುದು ನಾಯಿಯೊಂದು ಮುಳುಗುವಾಗ. ಮದುವಣಗಿತ್ತಿ ಆಚೆ ದಡ ಸೇರಿದ ಸಂತೋಷವು ಆ ಮುಳುಗಿದ ಜೀವವನ್ನು ಮರೆಸಬಲ್ಲುದೇ ಎಂಬ ಪ್ರಶ್ನೆಯನ್ನು ಓದುಗನ ಕೈಯಲ್ಲಿಟ್ಟು ಕಾದಂಬರಿ ಸಾಗುತ್ತದೆ.

ಎಲ್ಲ ಪ್ರಾಣಿಗೂ ಈ ಹೊರೆ ಹೇರಬೇಡಿ

ಕೆಲವು ಪ್ರಾಣಿಗಳು ಪ್ರೀತಿಗೂ ನೆನಪಿಗೂ ಸಂಬಂಧಿಸಿದವಲ್ಲ. 1933ರ 'ಚೋಮನ ದುಡಿ'ಯಲ್ಲಿ ಚೋಮನ ಎತ್ತುಗಳನ್ನು ನೆನಪಿನ ಸಂಕೇತವೆಂದು ಬರೆದವರನ್ನು ನಾನು ಕಂಡಿದ್ದೇನೆ. ಶಿವರಾಮ ಕಾರಂತರು ಆ ಎತ್ತುಗಳ ಮೇಲೆ ಹೇರಿರುವುದು ಇನ್ನೂ ಬಾರದ ನಾಳೆಯನ್ನು, ಅಂದರೆ ಸ್ವಂತ ಬೇಸಾಯದ ಆಸೆಯನ್ನು. ಜಾತಿಯ ಕಾರಣಕ್ಕೆ ಅವನಿಗೆ ಉಳಲು ಭೂಮಿ ಸಿಗುವುದಿಲ್ಲವಾದ್ದರಿಂದ ಆ ಜೋಡಿ ಕಣ್ಣೆದುರಿನ ಅಣಕವಾಗುತ್ತದೆ. ಕಳೆದುಹೋದದ್ದನ್ನು ಹೊರುವ ಕೆಲಸ ಅಲ್ಲಿ ಚೋಮನು ಬಾರಿಸುವ ದುಡಿ ಎಂಬ ವಾದ್ಯದ್ದು, ಎತ್ತಿನದಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದ ಹಾರುವ ಓತಿ ಮತ್ತೊಂದು ಬಗೆಯದು: ಅದರಲ್ಲಿ ನೆನಪಿದೆ, ಆದರೆ ಅದು ಜೀವವಿಕಾಸದ ನೆನಪು, ಯಾವ ವ್ಯಕ್ತಿಯ ಪ್ರೀತಿಗೂ ಸಂಬಂಧವಿಲ್ಲದ್ದು. ಅದೇ ಕಾದಂಬರಿಯ ಕಿವಿ ಎಂಬ ನಾಯಿ ಬಹುಮಟ್ಟಿಗೆ ನಾಯಿಯೇ. ಅದನ್ನು ನಾಯಿಯಾಗಿರಲು ಬಿಡುವುದು ಓದುಗನ ಸೌಜನ್ಯ.

ಬರೆಯುವಾಗ

ಟಿಪ್ಪಣಿಗಳನ್ನು ಪ್ರಬಂಧವಾಗಿಸುವಾಗ ಮೊದಲ ವಾಕ್ಯದಲ್ಲಿಯೇ ಪ್ರಾಣಿಯ ಒಂದು ಕ್ರಿಯೆ ಇರಲಿ. "ಬಾಣನು ಇಂದ್ರಾಯುಧವನ್ನು ಸ್ನೇಹದ ಸಂಕೇತವಾಗಿ ಚಿತ್ರಿಸಿದ್ದಾನೆ" ಎಂದು ಆರಂಭಿಸಿದರೆ ಮುಂದಿನ ವಾಕ್ಯಕ್ಕೆ ದಾರಿಯೇ ಇರುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: "ಹಾಡು ತನಗೆ ಕೇಳಿಸುವ ಮೊದಲೇ ಕುದುರೆ ಮೇವು ಬಿಟ್ಟದ್ದಕ್ಕೆ ಚಂದ್ರಾಪೀಡನು ಕಾರಣ ಹುಡುಕುವುದಿಲ್ಲ, ಆ ಕಾರಣವು ಬಯಲಾಗಲು ಅವನು ಸಾಯಬೇಕಾಗುತ್ತದೆ." ಈ ವಾಕ್ಯದಲ್ಲಿ ಸಂಕೇತ ಎಂಬ ಪದವೇ ಇಲ್ಲ, ಆದರೂ ಕುದುರೆ ಏನನ್ನು ಹೊತ್ತಿದೆಯೆಂದು ಓದುವವರಿಗೆ ಸಂಶಯ ಉಳಿಯುವುದಿಲ್ಲ. ಪ್ರಬಂಧವನ್ನು ಮುಗಿಸಿದ ಮೇಲೆ 'ಸಂಕೇತ', 'ಪ್ರತೀಕ', 'ಪ್ರತಿಮೆ' ಎಂಬ ಪದಗಳು ಎಷ್ಟು ಬಾರಿ ಬಂದಿವೆ ಎಂದು ಎಣಿಸಿ, ಅವುಗಳಲ್ಲಿ ಹೆಚ್ಚಿನವನ್ನು ಹೊಡೆದುಹಾಕಿದರೆ ಬರಹ ತಾನಾಗಿಯೇ ಬಿಗಿಯಾಗುತ್ತದೆ.

ಕೊನೆಯದಾಗಿ ಪ್ರತಿಯ ಆಯ್ಕೆಯ ವಿಚಾರ. 'ಕಾದಂಬರಿ'ಯಂಥ ದೊಡ್ಡ ಕೃತಿಗಳಿಗೆ ಕಥಾಸಂಗ್ರಹಗಳು ಸುಲಭವಾಗಿ ಸಿಗುತ್ತವೆ, ಮತ್ತು ಕಥೆಯ ಜಾಡು ತಿಳಿಯಲು ಅವು ಸಾಕು. ಆದರೆ ಸಂಗ್ರಹಿಸುವವನು ಮೊದಲು ಕೈಬಿಡುವುದು ಕುದುರೆಯ ಕಿವಿ, ಗಿಳಿಯ ಬಲಗಾಲು, ಕಾಲಿಂದಿಯ ಮುನಿಸಿನಂಥ ವಿವರಗಳನ್ನೇ. ಕಥೆಯ ಓಟಕ್ಕೆ ಅವುಗಳಿಂದ ಏನೂ ಆಗಬೇಕಾಗಿಲ್ಲ. ಆದ್ದರಿಂದ ಪ್ರತಿಯನ್ನು ಆಯ್ದುಕೊಳ್ಳುವಾಗ ಚಂದ್ರಾಪೀಡನು ಅಚ್ಛೋದದ ದಡದಲ್ಲಿ ವಿಶ್ರಮಿಸುವ ಪುಟವನ್ನು ತೆರೆದು, ಅಲ್ಲಿ ಕುದುರೆಯ ಬಾಯಿಂದ ಹುಲ್ಲು ಜಾರುತ್ತದೆಯೇ ಎಂದು ನೋಡಿಕೊಳ್ಳಿ. ಜಾರದಿದ್ದರೆ ಬೇರೆ ಪ್ರತಿಯನ್ನು ಹುಡುಕಬೇಕು.